ಅವ್ಯವಸ್ಥೆಯನ್ನು ಅಳೆದ ಮಹನೀಯ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ಸೀಮೆಯನ್ನು ಹಿಂದಿನವರು ದೋಆಬ್ ಎಂದು ಕರೆದರು. ಎರಡು ನೀರುಗಳ ನಡುವಣ ನೆಲವೆಂದು ಇದರ ಅರ್ಥ. ದೇವದುರ್ಗದ ಮಗ್ಗುಲಲ್ಲಿ ಕೃಷ್ಣೆ, ಮಾನ್ವಿ ಗಿಲ್ಲೆಸುಗೂರುಗಳ ಮಗ್ಗುಲಲ್ಲಿ ತುಂಗಭದ್ರೆ. ಆದರೂ ಇಲ್ಲಿನ ರೈತನು ಒಂದು ವರ್ಷ ಮುಗಿಲನ್ನು ನೋಡಿ ನೋಡಿ ಕಣ್ಣು ಸೋಲುತ್ತಾನೆ. ಮತ್ತೊಂದು ವರ್ಷ ಹೊಳೆಯ ಆರ್ಭಟಕ್ಕೆ ಬೆದರುತ್ತಾನೆ. 2009ರಲ್ಲಿ ಮಳೆಗಾಲ ಮುಗಿಯುವ ವೇಳೆಗೆ ಸುರಿದ ಮಳೆಯಿಂದ ಈ ನದಿಗಳ ದಂಡೆಯ ಅನೇಕ ಹಳ್ಳಿಗಳು ಜಲಾವೃತವಾದುದನ್ನು ಜನ ಇನ್ನೂ ಮರೆತಿಲ್ಲ. ಮಳೆಗೆ ಲೆಕ್ಕವಿಲ್ಲ, ಹೊಳೆಗೆ ನಿಯಮವಿಲ್ಲ ಎಂದು ನಿಟ್ಟುಸಿರಿಡುವುದು ಸಹಜ. ಆದರೆ ಲೆಕ್ಕವಿಲ್ಲದ್ದೆಂದು ತೋರುವುದನ್ನೂ ತಾಳ್ಮೆಯಿಂದ ಲೆಕ್ಕಕ್ಕೆ ತಂದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿ ಜನಿಸಿದರು. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನ ಪಾಲಿಗೆ ಬದುಕು ಒಮ್ಮೆಲೇ ದಿಕ್ಕುತಪ್ಪಿದಂತಾಯಿತು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆಪಾಡು ನೋಡಿಕೊಳ್ಳುತ್ತ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಕಲಿಯುವ ಹೊತ್ತು, ಕಲಿಸುವ ಹೊತ್ತು, ನಡೆದು ಹೋಗಿಬರುವ ಹೊತ್ತು ಎಲ್ಲವನ್ನೂ ಹಂಚಿಕೊಳ್ಳದೆ ಅಂಥ ಬದುಕು ಸಾಗುವಂತಿರಲಿಲ್ಲ. ಮುಂದೆ ಅವರ ಹೆಸರಿನೊಡನೆ ಸೇರಿಹೋದ ಸಮಯಪಾಲನೆಯು ಸಿರಿವಂತರ ಶೋಕಿಯಾಗಿರಲಿಲ್ಲ. ಅದು ಬಡತನವು ಕಲಿಸಿದ ಪಾಠ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಅವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಪ್ರವಾಹದ ಮೊದಲ ಪಾಠ ಅವರಿಗೆ ಖಾನದೇಶದಲ್ಲಿ ದೊರೆಯಿತು. ಅಲ್ಲಿ ಹೊಳೆಯೊಂದನ್ನು ದಾಟಿಸಿ ಕೊಳವೆಯ ಮೂಲಕ ಕಾಲುವೆಯ ನೀರನ್ನು ಒಯ್ಯುವ ಕೆಲಸವನ್ನು ಅವರಿಗೆ ವಹಿಸಲಾಗಿತ್ತು. ಮಳೆಗಾಲ ಬಂದಿತು, ಹೊಳೆ ಉಕ್ಕಿ ಕಾಮಗಾರಿಯ ಮೇಲೆ ಮರಳನ್ನು ಹೊದಿಸಿತು. ಕೆಲಸವನ್ನು ಮಳೆ ಕಳೆಯುವವರೆಗೆ ಮುಂದೂಡುವುದು ಲೇಸೆಂದು ತರುಣ ಇಂಜಿನಿಯರ್ ಬರೆದುಕೊಂಡರು. ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ವಿಶ್ವೇಶ್ವರಯ್ಯನವರು ನೆಪ ಹೇಳುತ್ತ ಕೂರಲಿಲ್ಲ; ಮರಳನ್ನು ತೆಗೆಸಿ, ಕೆಲಸವನ್ನು ಪೂರೈಸಿಯೇ ತೀರಿದರು. ಹೊಳೆಯ ಮೇಲೆ ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ, ಅದರ ಗುಣವನ್ನು ಅರಿಯಬೇಕು ಎಂಬುದು ಆಗಲೇ ಅವರಿಗೆ ಮನವರಿಕೆಯಾಗಿರಬೇಕು.

ಈ ಅರಿವೇ ಅವರ ಮುಂದಿನ ಕಾರ್ಯಗಳಲ್ಲೆಲ್ಲ ಕಂಡುಬರುತ್ತದೆ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚಿನ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಕಟ್ಟೆಯನ್ನೇ ಎತ್ತರಿಸಿದರೆ ಪ್ರವಾಹದ ಒತ್ತಡಕ್ಕೆ ಅದು ಬಿರಿಯಬಹುದು. ವಿಶ್ವೇಶ್ವರಯ್ಯನವರು ಒಂದು ಬಗೆಯ ಸ್ವಯಂಚಾಲಿತ ಬಾಗಿಲನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಬಾಗಿಲು ತಾನಾಗಿ ತೆರೆಯುವುದು; ನೀರು ಇಳಿದೊಡನೆ ತಾನಾಗಿ ಮುಚ್ಚುವುದು. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳಿಂದ ಕಟ್ಟೆಗೆ ಅಪಾಯವಾಗದೆ ಜಲಾಶಯದಲ್ಲಿ ಹೆಚ್ಚು ನೀರು ನಿಂತಿತು. ಬಾಗಿಲಿನ ಬಲವು ಅದು ಬಿಗಿಯಾಗಿ ನಿಲ್ಲುವುದರಲ್ಲಿ ಮಾತ್ರವಲ್ಲ, ಸಕಾಲದಲ್ಲಿ ದಾರಿ ಬಿಡುವುದರಲ್ಲಿಯೂ ಇತ್ತು.

ಕಾಲುವೆಯ ನೀರಿನ ಹಂಚಿಕೆಯಲ್ಲಿಯೂ ಅವರು ಇದೇ ವಿವೇಕವನ್ನು ತೋರಿದರು. ತಲೆಯ ಭಾಗದವರಿಗೆ ನೀರಿನ ಸಮೃದ್ಧಿ, ಕೊನೆಯ ಭಾಗದವರಿಗೆ ಬರಿಯ ಕಾಯುವಿಕೆ ಎಂಬ ಸಂಕಟ ರಾಯಚೂರು ಸೀಮೆಗೂ ಅಪರಿಚಿತವಲ್ಲ. ದಖ್ಖನದ ಕಾಲುವೆಗಳಿಗಾಗಿ 1899ರ ಸುಮಾರಿಗೆ ಅವರು ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿ ಪ್ರತಿ ಹಳ್ಳಿಯ ಆಯ್ದ ಭಾಗಕ್ಕೆ ನೀರನ್ನು ಗೊತ್ತುಮಾಡಿ, ಬೆಳೆಗಳನ್ನು ಸರದಿಯ ಮೇಲೆ ಬೆಳೆಯಿಸುವ ಏರ್ಪಾಡಿತ್ತು. ಕೆಲವೇ ಊರುಗಳ ಪಾಲಾಗುತ್ತಿದ್ದ ನೀರಿನ ಫಲ ಹಲವು ಊರುಗಳಿಗೆ ದಕ್ಕುವಂತಾಗುವುದೇ ಅದರ ಉದ್ದೇಶ.

ಅವರ ಅರಿವಿಗೆ ನಿಜವಾದ ಪರೀಕ್ಷೆ ಒದಗಿದ್ದು ಹೈದರಾಬಾದಿನಲ್ಲಿ. ರಾಯಚೂರು ಸೀಮೆ ಆಗ ನಿಜಾಮರ ಆಳ್ವಿಕೆಗೆ ಸೇರಿತ್ತು. ರಾಜಧಾನಿಯ ನಡುವೆ ಹರಿಯುವ ಮೂಸಿ ನದಿಯು ಮುಂದೆ ಕೃಷ್ಣೆಯನ್ನೇ ಸೇರುತ್ತದೆ. ಬೇಸಗೆಯಲ್ಲಿ ಕಾಲು ನೆನೆಯುವಷ್ಟು ಮಾತ್ರ ನೀರಿರುವ ಈ ನದಿ 1908ರ ಸೆಪ್ಟೆಂಬರ್ 28ರಂದು ಪ್ರಳಯರೂಪವನ್ನು ತಾಳಿತು. ಮನೆಗಳು ಸಾಲು ಸಾಲಾಗಿ ಕುಸಿದವು. ಹದಿನೈದು ಸಾವಿರದಷ್ಟು ಜನ ಮಡಿದರೆಂದು ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆಯ ಮರವನ್ನೇರಿ ಸುಮಾರು ನೂರೈವತ್ತು ಮಂದಿ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಪತ್ನಿ, ಮಗಳು ಮೂವರನ್ನೂ ಆ ನೀರಿನಲ್ಲಿ ಕಳೆದುಕೊಂಡು ಒಬ್ಬಂಟಿಯಾದರು. ನಾಲ್ಕೇ ಸಾಲುಗಳ ಕಟ್ಟುನಿಟ್ಟಾದ ರುಬಾಯಿ ಎಂಬ ಪದ್ಯಜಾತಿಯಲ್ಲಿ ಅವರು ಮುಂದೆ ಹೆಸರಾದರು. ದಡವಿಲ್ಲದ ದುಃಖವನ್ನು ಕಂಡವರು ಛಂದಸ್ಸಿನ ದಡವನ್ನು ಆಶ್ರಯಿಸಿದರು.

ಕವಿಯು ಮನಸ್ಸಿನಲ್ಲಿ ಮಾಡಿದುದನ್ನು ಇಂಜಿನಿಯರು ನೆಲದ ಮೇಲೆ ಮಾಡಬೇಕಾಗಿತ್ತು. ಮುಂಬಯಿ ಸರ್ಕಾರದ ಸೇವೆಯನ್ನು ಬಿಟ್ಟು ಯೂರೋಪಿನ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದಿಂದ ಕರೆ ಬಂದಿತು. 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿಗೆ ಬಂದು ಕಾರ್ಯವನ್ನು ವಹಿಸಿಕೊಂಡರು. ದೈವದ ಮುನಿಸೆಂದು ಜನ ಕೈಚೆಲ್ಲಿದ್ದ ವಿಪತ್ತಿನ ಕಾರಣವನ್ನು ಅವರು ಹುಡುಕಹೊರಟರು. ಮಳೆಯ ದಾಖಲೆಗಳನ್ನು ತರಿಸಿದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ನಗರದ ಮೇಲ್ಗಡೆ ನದಿಗೆ ನೀರುಣಿಸುವ ಪ್ರದೇಶದಲ್ಲಿ 788 ಕೆರೆಗಳಿದ್ದು, ಅವುಗಳಲ್ಲಿ 221 ಕೆರೆಗಳ ಏರಿಗಳು ಒಡೆದಿದ್ದವು. ಒಂದು ಕೆರೆಯ ನೀರು ಕೆಳಗಿನ ಕೆರೆಯ ಏರಿಯನ್ನು ಮುರಿದು, ಅದರ ನೀರನ್ನೂ ಕೂಡಿಕೊಂಡು ನಗರದತ್ತ ನುಗ್ಗಿತ್ತು. ಕಾರಣವಿಲ್ಲದ ಕೋಪವೆಂದು ಕಂಡಿದ್ದುದರ ಹಿಂದೆ ಹೀಗೆ ಕಾರಣಗಳ ಒಂದು ಸರಪಣಿಯೇ ಇದ್ದಿತು.

ಪರಿಹಾರವೇನು? ನಗರದಲ್ಲಿ ಎತ್ತರದ ಗೋಡೆಗಳನ್ನು ಕಟ್ಟಿದರಷ್ಟೇ ಸಾಲದೆಂದು ಅವರು ಕಂಡುಕೊಂಡರು. ನಗರಕ್ಕೆ ಕೆಲವು ಮೈಲಿಗಳ ಮೇಲೆಯೇ ಮೂಸಿಗೂ ಅದರ ಉಪನದಿಯಾದ ಈಸಿಗೂ ಅಡ್ಡಲಾಗಿ ಎರಡು ದೊಡ್ಡ ಜಲಾಶಯಗಳನ್ನು ನಿರ್ಮಿಸಬೇಕು. ಪ್ರವಾಹದ ನೀರು ಅಲ್ಲಿ ತಂಗಬೇಕು. ನಗರದ ಪಾತ್ರವು ತಾಳುವಷ್ಟು ನೀರನ್ನು ಮಾತ್ರ ಮೆಲ್ಲಮೆಲ್ಲನೆ ಕೆಳಕ್ಕೆ ಬಿಡಬೇಕು. ಇದಕ್ಕಾಗಿ ಜಲಾಶಯದಲ್ಲಿ ಒಂದಷ್ಟು ಸ್ಥಳವು ಸದಾ ತೆರವಾಗಿರಬೇಕು. ತುಂಬಿಸುವುದೇ ಜಾಣತನವೆಂದು ತಿಳಿದವರಿಗೆ ಈ ತೆರವು ವ್ಯರ್ಥವೆಂದು ತೋರಬಹುದು. ಆದರೆ ಬರಲಿರುವ ಪ್ರವಾಹಕ್ಕಾಗಿ ಕಾದಿರಿಸಿದ ಸ್ಥಳವದು. ಅವರು ತೋರಿದ ದಾರಿಯಲ್ಲಿ ಅನಂತರದವರು 1920ರಲ್ಲಿ ಉಸ್ಮಾನ್ ಸಾಗರವನ್ನೂ 1927ರಲ್ಲಿ ಹಿಮಾಯತ್ ಸಾಗರವನ್ನೂ ಪೂರ್ಣಗೊಳಿಸಿದರು. ಪ್ರಳಯ ತಂದ ನೀರೇ ನಗರದ ಕುಡಿಯುವ ನೀರಾಯಿತು.

1909ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ ಮೊದಲಾದವು ಆ ಕಾಲದ ಸಾಧನೆಗಳು. ಸಾಹಿತ್ಯಕ್ಕೆ ಸಂಬಂಧಿಸಿದಂತೆ ಅವರ ಮತ್ತೊಂದು ಸೇವೆಯನ್ನು ಇಲ್ಲಿ ನೆನೆಯಬೇಕು. ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಎಂದು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಅವರನ್ನು ನುಡಿಯ ಮೂಲಕ ಒಂದುಗೂಡಿಸುವ ಕನ್ನಡ ಸಾಹಿತ್ಯ ಪರಿಷತ್ತು ಅವರು ದಿವಾನರಾಗಿದ್ದಾಗ, ಅವರ ಬೆಂಬಲದಿಂದ, 1915ರಲ್ಲಿ ಸ್ಥಾಪನೆಯಾಯಿತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೇ ಸಾಹಿತ್ಯ ಸಮ್ಮೇಳನ ನಡೆಯಿತು. ನಿಜಾಮರ ನಾಡಿನ ಕನ್ನಡಿಗರೂ ತಾವು ಒಂದೇ ಮನೆಯವರೆಂದು ಆಗ ಕಂಡುಕೊಂಡರು.

1955ರಲ್ಲಿ ಭಾರತ ರತ್ನ ಪ್ರಶಸ್ತಿಯನ್ನು ಪಡೆದ ಈ ಹಿರಿಯರು 1962ರ ಏಪ್ರಿಲ್‌ನಲ್ಲಿ ಕಾಲವಶರಾದರು. ಅವರ ಜನ್ಮದಿನವನ್ನು ಇಂದಿಗೂ ಇಂಜಿನಿಯರುಗಳ ದಿನವೆಂದು ಆಚರಿಸಲಾಗುತ್ತಿದೆ.

ಮಾನವನು ಕಟ್ಟಿದ ವ್ಯವಸ್ಥೆ ಯಾವುದೂ ಒಮ್ಮೆಗೇ ಮುಗಿಯುವಂಥದಲ್ಲ. 2020ರ ಅಕ್ಟೋಬರ್‌ನಲ್ಲಿ ಸುರಿದ ಭಾರಿ ಮಳೆಗೆ ಹೈದರಾಬಾದಿನ ಅನೇಕ ಬಡಾವಣೆಗಳು ಮತ್ತೆ ನೀರಿನಲ್ಲಿ ಮುಳುಗಿದವು. ಕೆರೆಗಳ ಅಂಗಳದಲ್ಲಿ, ನೀರು ಹರಿಯುವ ಹಳ್ಳಗಳಲ್ಲಿ ಮನೆಗಳು ಎದ್ದಿದ್ದವು. ನೀರಿಗೆ ಬಿಟ್ಟ ಸ್ಥಳವನ್ನು ಜನರು ಕಸಿದುಕೊಂಡಿದ್ದರು. ಹೊಳೆ ತನ್ನ ಸ್ಥಳವನ್ನು ಮರೆಯುವುದಿಲ್ಲ. ಮಳೆಯನ್ನು ನಿಲ್ಲಿಸಲು ವಿಶ್ವೇಶ್ವರಯ್ಯನವರಿಂದಲೂ ಆಗುತ್ತಿರಲಿಲ್ಲ. ಅವರು ಮಾಡಿದುದಿಷ್ಟೆ: ಅವ್ಯವಸ್ಥೆಯನ್ನು ಶಪಿಸದೆ ಅಳೆದರು, ಅಳೆದು ಅದಕ್ಕೊಂದು ಸ್ಥಳವನ್ನು ಬಿಟ್ಟರು. ಎರಡು ಹೊಳೆಗಳ ನಡುವೆ ಬಾಳುವ ಜನರಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೊಂದಿಲ್ಲ.