ಜನಪದ ಕಲಾವಿದರಿಗೆ ಗುರುಪೀಠ ನೀಡಿದ ನಾಗೇಗೌಡರು

ಮಂಡ್ಯ: ಮದ್ದೂರು ದಾಟಿ ಬೆಂಗಳೂರಿನತ್ತ ಸಾಗುವ ಹಳೆಯ ಹೆದ್ದಾರಿಯಲ್ಲಿ, ರಾಮನಗರದ ಬಳಿ ಇರುವ ಜಾನಪದ ಲೋಕವನ್ನು ಕಟ್ಟಿದವರು ಮಂಡ್ಯ ಜಿಲ್ಲೆಯವರೇ ಆದ ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಜನಿಸಿದ ಅವರು ಐಎಎಸ್ ಅಧಿಕಾರಿಯಾಗಿ ದುಡಿದು ನಿವೃತ್ತರಾದರು.

ಕಾದಂಬರಿಕಾರರೂ ಆಗಿದ್ದ ಅವರಿಗೆ ಹಳ್ಳಿಯ ಹಾಡಿನ ನಂಟು ಬಿಡಲಿಲ್ಲ. ಹಿರಿಯ ಹಾಡುಗಾರರು ಮಣ್ಣಾದಾಗ ಹಾಡೂ ಅವರೊಡನೆ ಮಣ್ಣಾಗುತ್ತಿದ್ದ ಕಾಲವದು. ಅವರು ಹಾಡುಗಳನ್ನು ಧ್ವನಿಮುದ್ರಿಸಿ ಕಾಪಿಟ್ಟರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 15 ಎಕರೆಯ ಜಾನಪದ ಲೋಕ 1994ರಲ್ಲಿ ಉದ್ಘಾಟನೆಗೊಂಡಿತು.

ಅಲ್ಲಿನ ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಮಡಕೆ, ಬುಟ್ಟಿಗಳಿವೆ; ಲೋಕಮಹಲಿನಲ್ಲಿ ವಾದ್ಯ, ವೇಷಭೂಷಣ, ತೊಗಲುಗೊಂಬೆಗಳಿವೆ. ನಮ್ಮ ಬಹುತೇಕ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಮೇಲಿನ ಚೀಟಿಯೇ ಮೇಷ್ಟ್ರು. ಬಡಿಯುವ ಕೈಯಿಲ್ಲದ ತಮಟೆಯಿಂದ ಮಕ್ಕಳು ಕಲಿಯುವುದಾದರೂ ಏನನ್ನು? ಇಲ್ಲಿ ಬಯಲು ರಂಗಮಂದಿರವೂ ಎದ್ದಿತು, ಜಾನಪದ ತರಗತಿಗಳೂ ನಡೆದವು. ಶಾಲೆಯ ಮೆಟ್ಟಿಲು ಹತ್ತದ ಕಲಾವಿದನೂ ಇಲ್ಲಿ ವಿದ್ಯಾವಂತರಿಗೆ ಕುಣಿತ, ಹಾಡು ಕಲಿಸುವ ಗುರುವಾದ. ಆಡಳಿತದ ಅನುಭವಕ್ಕಿಂತ ಈ ಒಂದು ತಿಳಿವಳಿಕೆಯೇ ಗೌಡರ ದೊಡ್ಡ ಬಂಡವಾಳ.

ನಾಗೇಗೌಡರು 2005ರ ಸೆಪ್ಟೆಂಬರ್‌ನಲ್ಲಿ, 90ರ ವಯಸ್ಸಿನಲ್ಲಿ ನಿಧನರಾದರು.