ನಾಣ್ಯದ ಮೇಲಿನ ಅಬಿಗೈಲ್

ಅಧ್ಯಕ್ಷರ ಪತ್ನಿಯರ ಗೌರವಾರ್ಥ ಅಮೆರಿಕದ ಟಂಕಸಾಲೆ 2007ರಿಂದ ಅರ್ಧ ಔನ್ಸಿನ ಚಿನ್ನದ ನಾಣ್ಯಗಳನ್ನು ಹೊರತಂದಿತು. ಮುಖಬೆಲೆ 10 ಡಾಲರ್ ಅಷ್ಟೆ! ಪಾಠೋಪಕರಣವಾಗಿ ನಾನು ಆರಿಸಿಕೊಳ್ಳುವುದು ಅಬಿಗೈಲ್ ಆಡಮ್ಸ್ ಅವರ ನಾಣ್ಯದ ಚಿತ್ರವನ್ನು. ಅದರ ಹಿಂಬದಿಯಲ್ಲಿ ಆಕೆ ಪತ್ರ ಬರೆಯುತ್ತ ಕುಳಿತಿದ್ದಾರೆ.

1744ರಲ್ಲಿ ಮ್ಯಾಸಚೂಸೆಟ್ಸ್‌ನ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಅಬಿಗೈಲ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯ ಪುಸ್ತಕಗಳೇ ಗುರು. 1764ರಲ್ಲಿ ವಕೀಲ ಜಾನ್ ಆಡಮ್ಸ್ ಅವರೊಡನೆ ಮದುವೆ. ಪತಿ ರಾಜಕೀಯಕ್ಕೆಂದು ದೂರ ಹೋದಾಗ ಹೊಲ, ಲೆಕ್ಕಪತ್ರ, ಮಕ್ಕಳ ಓದು ಎಲ್ಲವೂ ಆಕೆಯ ಹೆಗಲಿಗೆ. ಹೊಸ ಕಾನೂನಿನಲ್ಲಿ ಹೆಂಗಸರನ್ನು ಮರೆಯಬಾರದೆಂದು 1776ರಲ್ಲಿ ಪತಿಗೆ ಬರೆದರು. ಅವರು ನಕ್ಕು ತಳ್ಳಿಹಾಕಿದರು.

ನಾಣ್ಯದಲ್ಲಿಲ್ಲದ ಇನ್ನೊಂದು ಸಂಗತಿ ಬೋಧನಾಭ್ಯಾಸದ ನಮಗೆ ಹೆಚ್ಚು ಹತ್ತಿರದ್ದೆಂದು ನನ್ನ ಎಣಿಕೆ. 1797ರ ಫೆಬ್ರವರಿ, ಪತಿ ಅಧ್ಯಕ್ಷರಾಗಲು ಕೆಲವೇ ವಾರಗಳಿದ್ದವು. ಮನೆಗೆಲಸದ ಕಪ್ಪು ಹುಡುಗ ಜೇಮ್ಸ್‌ನನ್ನು ಅಬಿಗೈಲ್ ನಡುಮನೆಯಲ್ಲೇ ಕೂರಿಸಿ ಅಕ್ಷರ ಕಲಿಸಿದ್ದರು, ಸಂಜೆ ಶಾಲೆಗೂ ಕಳಿಸಿದ್ದರು. ಅವನು ಬಂದರೆ ಶಾಲೆಯೇ ಒಡೆದುಹೋಗುತ್ತದೆಂದು ನೆರೆಯವರೊಬ್ಬರು ಹೇಳಬಂದರು. ಹುಡುಗನ ನಡತೆ ಕೆಟ್ಟದ್ದೇ ಎಂದು ಈಕೆ ವಿಚಾರಿಸಿದರು. ಹಾಗೇನಿಲ್ಲ, ಬಣ್ಣದ್ದೇ ತಕರಾರು. ಪ್ರಾರ್ಥನೆಗೆ ಜೊತೆಯಲ್ಲಿ ಕೂರುವವರಿಗೆ ಪಾಠಕ್ಕೆ ಕೂರಲು ಏನು ಅಡ್ಡಿಯೆಂದು ಕೇಳಿ, ಆಕ್ಷೇಪಿಸಿದ ಹುಡುಗರನ್ನು ತಮ್ಮ ಬಳಿಗೇ ಕಳಿಸಲು ಹೇಳಿದರು. ಆಮೇಲೆ ದೂರು ಬರಲಿಲ್ಲ.