ಪಾಲ್ವಂಕರ್ ಬಾಲೂ: ಮೈದಾನದ ಒಳಗೂ ಹೊರಗೂ

ಧಾರವಾಡದಲ್ಲಿ ಹುಟ್ಟಿದ ಒಬ್ಬ ಬೌಲರ್ ಇಂಗ್ಲೆಂಡಿನ ಒಂದೇ ಪ್ರವಾಸದಲ್ಲಿ 114 ವಿಕೆಟ್ ಪಡೆದಿದ್ದರು ಎಂಬ ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. ಅವರ ಹೆಸರು ಪಾಲ್ವಂಕರ್ ಬಾಲೂ. ಕ್ರಿಕೆಟ್ಟನ್ನು ಪ್ರೀತಿಸುವ ನಾವೆಲ್ಲರೂ ಅವರ ಬದುಕನ್ನು ಒಮ್ಮೆ ಓದಲೇಬೇಕು.

ಬಾಲೂ ಹುಟ್ಟಿದ್ದು 1870ರ ದಶಕದಲ್ಲಿ. ಚರ್ಮದ ಕೆಲಸ ಮಾಡುವ, ಆಗಿನ ಸಮಾಜ ಅಸ್ಪೃಶ್ಯವೆಂದು ದೂರವಿಟ್ಟಿದ್ದ ಜಾತಿಗೆ ಸೇರಿದ ಕುಟುಂಬ ಅವರದು. ತಂದೆ ಸೈನ್ಯದಲ್ಲಿ ಕೆಲಸಕ್ಕಿದ್ದುದರಿಂದ ಕುಟುಂಬ ಪುಣೆಯಲ್ಲಿ ನೆಲೆಸಿತು. ಅಧಿಕಾರಿಗಳು ಆಡಿ ಬಿಟ್ಟ ಹಳೆಯ ಸಾಮಾನಿನಲ್ಲೇ ಅಣ್ಣತಮ್ಮಂದಿರು ಆಟ ಕಲಿತರು.

ಬಾಲೂ ಅವರ ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿ ಆಯಿತು. ಅಲ್ಲಿ ಅವರು ಇಂಗ್ಲಿಷ್ ಆಟಗಾರರಿಗೆ ನೆಟ್‌ನಲ್ಲಿ ಗಂಟೆಗಟ್ಟಲೆ ಎಡಗೈ ಸ್ಪಿನ್ ಬೌಲಿಂಗ್ ಮಾಡಿದರು. ಆಗಿನ ಹೆಸರಾಂತ ಬ್ಯಾಟ್ಸ್‌ಮನ್ ಗ್ರೇಗ್ ಕೂಡ ಅವರ ಚೆಂಡಿನ ಎದುರು ಅಭ್ಯಾಸ ಮಾಡುತ್ತಿದ್ದರು. ಆದರೆ ಬಾಲೂ ಕೈಗೆ ಯಾರೂ ಬ್ಯಾಟ್ ಕೊಡಲಿಲ್ಲ. ಬೆವರು ಸುರಿಸುವ ಬೌಲಿಂಗ್ ಸೇವಕರದು, ಬ್ಯಾಟಿಂಗ್ ದೊಡ್ಡವರದು ಎಂಬುದು ಅಂದಿನ ರೂಢಿ.

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಬಾಲೂ ಇಲ್ಲದೆ ಅದು ಆಗದ ಮಾತು. ಹಾಗಾಗಿ ಅವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಆದರೆ ಚಹಾದ ಹೊತ್ತಿಗೆ ಉಳಿದವರೆಲ್ಲ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲು ಹಿಡಿದು ಕುಳಿತರೆ, ವಿಕೆಟ್ ಕಿತ್ತ ಬಾಲೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ.

1896ರಲ್ಲಿ ಬಾಲೂ ಮುಂಬಯಿಗೆ ಹೋದರು. ಅಲ್ಲಿಯ ಹಿಂದೂ ಜಿಮ್‌ಖಾನಾದಲ್ಲಿ ಕ್ರಮೇಣ ಜೊತೆ ಆಟಗಾರರೊಂದಿಗೆ ಕುಳಿತು ಉಣ್ಣುವ ಅವಕಾಶವೂ ಸಿಕ್ಕಿತು. 1906ರಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಆ ಪಂದ್ಯದಲ್ಲಿ ಬಾಲೂ 8 ವಿಕೆಟ್ ಪಡೆದರು. ಆ ಕಾಲದಲ್ಲಿ ಮುಂಬಯಿಯ ದೊಡ್ಡ ಪಂದ್ಯಾವಳಿಗೆ ತಂಡಗಳನ್ನು ಸಮುದಾಯವಾರು ಕಟ್ಟುತ್ತಿದ್ದರು. 1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಅದು ನಾಲ್ಕು ತಂಡಗಳ ಪಂದ್ಯಾವಳಿಯಾಯಿತು. ಅದಕ್ಕೂ ಒಂದು ವರ್ಷ ಮೊದಲು, 1911ರಲ್ಲಿ, ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ ಆಟಗಾರರೆಲ್ಲ ಒಂದೇ ತಂಡವಾಗಿ ಇಂಗ್ಲೆಂಡಿಗೆ ಹೋದರು. ತಂಡ ಹೆಚ್ಚು ಪಂದ್ಯಗಳನ್ನು ಗೆಲ್ಲಲಿಲ್ಲ. ಆದರೆ ಬಾಲೂ ಅವರ ಬೌಲಿಂಗ್ ಅಲ್ಲಿಯವರ ಮೆಚ್ಚುಗೆ ಗಳಿಸಿತು.

ಇಷ್ಟೆಲ್ಲ ಆದರೂ ಹಿಂದೂಗಳ ತಂಡದ ನಾಯಕನಾಗಿ ಅವರನ್ನು ಆರಿಸಲಿಲ್ಲ. ಅರ್ಹತೆಯ ಕೊರತೆಯಲ್ಲ, ಜಾತಿ ಅಡ್ಡ ಬಂತು. ಅವರ ತಮ್ಮಂದಿರಾದ ಶಿವರಾಮ್, ಗಣಪತ್, ವಿಠ್ಠಲ್ ಕೂಡ ಒಳ್ಳೆಯ ಆಟಗಾರರು. 1920ರಲ್ಲಿ ಅರ್ಹರಿದ್ದೂ ಪಾಲ್ವಂಕರ್ ಸಹೋದರರಿಗೆ ನಾಯಕತ್ವ ತಪ್ಪಿದಾಗ ಶಿವರಾಮ್ ಮತ್ತು ವಿಠ್ಠಲ್ ಆಡಲು ನಿರಾಕರಿಸಿ, ಕಾರಣವನ್ನು ಬಹಿರಂಗವಾಗಿಯೇ ಹೇಳಿದರು. ಸಾರ್ವಜನಿಕ ಚರ್ಚೆ ಎದ್ದಿತು. ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಬೇಕಾಯಿತು. 1923ರಲ್ಲಿ ವಿಠ್ಠಲ್ ನಾಯಕರಾದರು, ಆ ವರ್ಷವೇ ತಂಡ ಪಂದ್ಯಾವಳಿ ಗೆದ್ದಿತು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಡಾ. ಬಿ.ಆರ್. ಅಂಬೇಡ್ಕರ್ ಅವರಿಗೆ ಯೌವನದಲ್ಲಿ ಬಾಲೂ ಮೇಲೆ ಬಹಳ ಅಭಿಮಾನವಿತ್ತು. ಮುಂದೆ ರಾಜಕೀಯದಲ್ಲಿ ಇಬ್ಬರ ದಾರಿಗಳೂ ಬೇರೆಯಾದವು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರ್ ಎದುರು ನಿಂತ ಬಾಲೂ ಸೋತರು. 1955ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಪ್ರಿಯ ವಿದ್ಯಾರ್ಥಿಗಳೇ, ಈ ಬದುಕಿನಿಂದ ಕಲಿಯಬೇಕಾದ ಪಾಠ ಒಂದಿದೆ. ಒಬ್ಬರನ್ನು ಆಟಕ್ಕೆ ಕರೆದ ಮಾತ್ರಕ್ಕೆ ಅವರು ನಮ್ಮವರಾದರು ಎಂದಲ್ಲ. ಬಾಲೂ ಅವರನ್ನು ಆಟಕ್ಕೆ ಕರೆದಿದ್ದರು, ಚಹಾಕ್ಕೆ ಕರೆದಿರಲಿಲ್ಲ. ಗೆಲ್ಲಿಸಲು ಕರೆದಿದ್ದರು, ಮುನ್ನಡೆಸಲು ಕರೆದಿರಲಿಲ್ಲ. ಕ್ರೀಡಾಕೂಟದ ದಿನ ನಮ್ಮ ಸುತ್ತ ಒಮ್ಮೆ ನೋಡೋಣ. ಶೂ ಇಲ್ಲವೆಂದು ಹಿಂದೆ ಸರಿದ ಗೆಳೆಯ, ಆಡುವ ಆಸೆಯಿದ್ದೂ ಮೈದಾನದಲ್ಲಿ ಜಾಗ ಸಿಗದ ಸಹಪಾಠಿನಿ, ಕಾಲಿನ ತೊಂದರೆಯಿಂದ ಯಾವಾಗಲೂ ಸ್ಕೋರ್ ಬರೆಯಲು ಕೂತವನು ಅಲ್ಲೇ ಇರುತ್ತಾರೆ. ಅವರನ್ನು ಆಟಕ್ಕೆ ಕರೆಯೋಣ, ಆಟ ಮುಗಿದ ಮೇಲೆ ಜೊತೆಯಲ್ಲೇ ಕೂರಿಸಿಕೊಳ್ಳೋಣ. ಅವರಲ್ಲಿ ಅರ್ಹರಿದ್ದರೆ ನಾಯಕತ್ವವನ್ನೂ ಕೊಡೋಣ.